ನಟಿಯ ಬೆನ್ನು

‘ಇಡೀ ಚಿತ್ರದಲ್ಲಿ ನಟಿಯ ಬೆನ್ನು ಆಡುವಷ್ಟು ಮಾತನ್ನು ಯಾರ ಬಾಯಿಯೂ ಆಡುವುದಿಲ್ಲ’ ಎಂದು ಪತ್ರಿಕೆಯಲ್ಲಿ ಬರೆದಿದ್ದರು. ಕುಳ್ಳಿ ಅದನ್ನು ಜೋರಾಗಿ ಓದಿದಳು. ಓದಿ ಮುಗಿಸಿ ನನ್ನ ಬೆನ್ನಿಗೆ ಒಂದು ಗುದ್ದು ಹಾಕಿ, ಇಷ್ಟು ವರ್ಷ ನನ್ನ ಹತ್ತಿರ ಒಂದು ಮಾತೂ ಆಡಿಲ್ಲವಲ್ಲ ಈ ಮೂಗಿ ಎಂದು ನಕ್ಕಳು. ಆಗ ನಮಗಿನ್ನೂ ನಗು ಬರುತ್ತಿತ್ತು.

ಆ ಬೆನ್ನು ನಟಿಯದಲ್ಲ. ನನ್ನದು. ಎಡ ಭುಜದ ಕೆಳಗೆ ಅಂಗೈ ಅಗಲದ ಸುಟ್ಟ ಕಲೆ ಇದೆಯಲ್ಲ, ‘ವ್ಯವಸ್ಥೆ ಹೆಣ್ಣಿನ ಮೈಮೇಲೆ ಒತ್ತಿದ ಮುದ್ರೆ’ ಎಂದು ವಿಮರ್ಶಕರು ಬಾಯಿ ಚಪ್ಪರಿಸಿಕೊಂಡು ಬರೆದರಲ್ಲ, ಅದು ಲಾಂಡ್ರಿಯ ಆವಿ ಕೊಳವೆ ಒಡೆದು ಆದದ್ದು. ಕೊಳವೆ ಸೋರುತ್ತಿದೆ ಎಂದು ಹೇಳಿ ಹೇಳಿ ನಮ್ಮ ಗಂಟಲು ಒಣಗಿತ್ತು. ಮಾಲೀಕ ನೋಡೋಣ ನೋಡೋಣ ಎನ್ನುತ್ತಿದ್ದ. ವ್ಯವಸ್ಥೆ ಎಂದರೆ ಯಾರು ಎಂದು ಯಾರಾದರೂ ಬಂದು ಕೇಳಿದ್ದರೆ ನಾನು ಬೆರಳು ಮಾಡಿ ತೋರಿಸುತ್ತಿದ್ದೆ. ಯಾರೂ ಕೇಳಲಿಲ್ಲ.

ನಮ್ಮ ಲಾಂಡ್ರಿಗೆ ಬರುವುದು ಆಸ್ಪತ್ರೆಯ ಬಟ್ಟೆ. ರಕ್ತ, ಕೀವು, ವಾಂತಿ, ಮಲ, ಮೂತ್ರ. ಹೆತ್ತವರದ್ದು, ಸತ್ತವರದ್ದು ಎಲ್ಲ ಒಂದೇ ಗಂಟಿನಲ್ಲಿ ಬರುತ್ತದೆ. ಗಂಟು ಬಿಚ್ಚಬೇಕು. ಕೊಡವಬೇಕು. ಕುದಿಯುವ ಸೋಡಾ ನೀರಿಗೆ ಹಾಕಿ ತಿರುವಬೇಕು. ನೀರು ಕುಡಿದ ಚಾದರಗಳ ಹೊರೆ ಒಂದು ಹೆಣದಷ್ಟು ತೂಗುತ್ತದೆ. ಅದನ್ನು ಎತ್ತುವವಳು ನಾನು. ಉದ್ದ ಇದ್ದೇನೆ, ಹಾಗಾಗಿ ನನ್ನ ಹೆಸರು ಉದ್ದಿ. ಹಿಂಡಿದ ಚಾದರವನ್ನು ಬಿಸಿ ರೋಲರಿನ ಬಾಯಿಗೆ ಕೊಡುವವಳು ಕುಳ್ಳಿ. ಆ ರೋಲರ್ ಒಮ್ಮೆ ಚಾದರದ ಜೊತೆ ಅವಳ ಉಂಗುರದ ಬೆರಳಿನ ತುದಿಯನ್ನೂ ತಿಂದಿತ್ತು. ನಾವಿಬ್ಬರೂ ಜೊತೆಯಲ್ಲಿ ಕಂಡರೆ ಉಳಿದ ಹೆಂಗಸರು ಕಂಬ ಬಂತು, ಗೂಟ ಬಂತು ಎನ್ನುತ್ತಿದ್ದರು. ನಾವು ಒಂದೇ ಕೋಣೆಯಲ್ಲಿದ್ದೆವು. ಮನೆ ಕೊಟ್ಟಾಕೆಗೆ ಅತ್ತಿಗೆ ನಾದಿನಿ ಎಂದು ಹೇಳಿದ್ದೆವು. ಜಗಳವಾಡದ ಅತ್ತಿಗೆ ನಾದಿನಿಯರನ್ನು ಜನ್ಮದಲ್ಲೇ ನೋಡಿಲ್ಲ ಎಂದು ಆಕೆ ಬೀದಿಯವರ ಮುಂದೆಲ್ಲ ಹೇಳಿಕೊಂಡು ಬರುತ್ತಿದ್ದಳು.

ರೋಲರ್ ಕೋಣೆಯಲ್ಲಿ ಆವಿ ದಟ್ಟವಾಗಿರುತ್ತದೆ. ಎದುರಿನವರ ಮುಖ ಕಾಣುವುದಿಲ್ಲ. ಸೆಕೆಗೆ ರವಿಕೆಯ ಹಿಂದಿನ ಗುಂಡಿ ಬಿಚ್ಚಿಕೊಂಡೇ ಎಲ್ಲರೂ ಕೆಲಸ ಮಾಡುತ್ತಾರೆ. ಪಾಳಿ ಮುಗಿದ ಮೇಲೆ ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಸಾಲಾಗಿ ಕುಕ್ಕರಗಾಲಲ್ಲಿ ಕೂರುತ್ತೇವೆ. ಒಬ್ಬೊಬ್ಬಳೂ ತನ್ನ ಮುಂದಿನವಳ ಬೆನ್ನಿಗೆ ಮುಲಾಮು ಸವರಬೇಕು. ಬೊಬ್ಬೆ ಎಲ್ಲಿ ಎದ್ದಿದೆ, ಚರ್ಮ ಎಲ್ಲಿ ಸುಲಿದಿದೆ ಎಂದು ಅವಳಿಗೇ ಕಾಣದಲ್ಲ. ಎಲ್ಲರಿಗಿಂತ ಹಿರಿಯಳಾದ ದೊಡ್ಡಮ್ಮ ಸಾಲಿನ ಕೊನೆಯಲ್ಲಿ ಕೂರುತ್ತಿದ್ದಳು. ಸಾಲಿನ ಮೊದಲಿಗೆ ಕೂರುತ್ತಿದ್ದ ಕುಳ್ಳಿ ಎದ್ದು ಹೋಗಿ ದೊಡ್ಡಮ್ಮನಿಗೆ ಸವರುತ್ತಿದ್ದಳು. ಯಾರ ಗಂಡ ಹೊಡೆದ, ಯಾರು ಬಸುರಿ, ಯಾರಿಗೆ ಊಟ ಇಲ್ಲ, ಎಲ್ಲ ನಮಗೆ ಬೆನ್ನು ನೋಡಿಯೇ ತಿಳಿಯುತ್ತಿತ್ತು.

ಸಿನಿಮಾದ ನಿರ್ದೇಶಕ ಬಂದು ಕೂತದ್ದು ಆ ಲಾಂಡ್ರಿಯಲ್ಲಿ. ಮೆತ್ತನೆ ಮಾತಿನವನು. ಸೊಳ್ಳೆ ಹೊಡೆಯುವಾಗಲೂ ಕ್ಷಮೆ ಕೇಳುವ ಪೈಕಿ. ಇಬ್ಬರು ಲಾಂಡ್ರಿ ಹೆಂಗಸರು ಒಬ್ಬರನ್ನೊಬ್ಬರು ಪ್ರೀತಿಸುವ ಕತೆ, ಸ್ವಂತ ದುಡ್ಡಿನಲ್ಲಿ ಮಾಡುತ್ತಿದ್ದೇನೆ, ದೊಡ್ಡ ಕಂಪನಿಯವರು ಮುಟ್ಟುವುದಿಲ್ಲ ಎಂದ. ದಿನಾ ಒಂದು ಮೂಲೆಯಲ್ಲಿ ಕೂತು ನೋಡುತ್ತಿದ್ದ. ಒಂದು ಮಧ್ಯಾಹ್ನ ಬಾಗಿಲ ಸಂದಿಯಿಂದ ಕುಳ್ಳಿ ನನ್ನ ಸುಟ್ಟ ಕಲೆಗೆ ಉಫ್ ಎಂದು ಊದಿ ಮುಲಾಮು ಹಚ್ಚುವುದನ್ನು ನೋಡಿದ. ಅವನ ಕಣ್ಣು ಅರಳಿತು. ಹಸಿದವನ ಮುಂದೆ ತಟ್ಟೆ ಇಟ್ಟಾಗ ಅರಳುತ್ತದಲ್ಲ, ಹಾಗೆ.

ಆಮೇಲೆ ನಮ್ಮ ಕೋಣೆಗೇ ಬಂದ. ನಟಿ ಬಟ್ಟೆ ಬಿಚ್ಚಲು ಒಪ್ಪುತ್ತಿಲ್ಲ, ಆಕೆಯ ಬೆನ್ನು ಬೆಣ್ಣೆಯಂತಿದೆ, ಯಾರೂ ನಂಬುವುದಿಲ್ಲ ಎಂದ. ನನ್ನ ಬೆನ್ನು, ಕುಳ್ಳಿಯ ಕೈ ಬೇಕಂತೆ. ಮುಖ ಕಾಣಿಸುವುದಿಲ್ಲವಂತೆ. ಮುಖ ಇಲ್ಲದ ಮೇಲೆ ಯಾರಿಗೆ ಗೊತ್ತಾಗುತ್ತದೆ ಎಂದು ಕೇಳಿದ. ನಾನು ಬೇಡ ಎಂದೆ.  ಅವನು ಹೋದ ಮೇಲೆ ಕುಳ್ಳಿ ಹೇಳಿದಳು.

“ನಮ್ಮಿಬ್ಬರದು ಅಂತ ಒಂದು ಫೋಟೋ ಇಲ್ಲ ಕಣೇ. ಕತ್ತೆ ಕುದುರೆ ಪ್ರೀತಿ ಎಲ್ಲಾ ಪರದೆ ಮೇಲೆ ಬರತ್ತೆ. ನಮ್ಮದು ಬೆನ್ನಾದ್ರೂ ಬರಲಿ.”

ಅವಳು ನನ್ನ ಹತ್ತಿರ ಏನನ್ನೂ ಕೇಳುವವಳಲ್ಲ. ಕೇಳಿದ್ದು ಇದೊಂದು. ನಾನು ಒಪ್ಪಿದೆ. ಮುಖ ಇಲ್ಲದಿದ್ದರೆ ಗುರುತು ಸಿಗುವುದಿಲ್ಲ ಎಂದು ಇಬ್ಬರೂ ನಂಬಿದೆವು. ಮುಖ ನೋಡಿ ಬದುಕುವವರ ಮಾತು ಅದು. ಆವಿಯಲ್ಲಿ ಬದುಕುವ ನಾವು ಅದನ್ನು ಹೇಗೆ ನಂಬಿದೆವೋ, ನಮ್ಮ ಬುದ್ಧಿಗೆ ಅಷ್ಟು ಮಂಕು ಕವಿದಿತ್ತು.

ಶೂಟಿಂಗ್ ದಿನ ಬೇಕಾದವರು ಮಾತ್ರ ಇರುತ್ತಾರೆ ಎಂದಿದ್ದ. ಹೋಗಿ ನೋಡಿದರೆ ದೀಪ ಹಿಡಿದವರು, ವೈರು ಎಳೆಯುವವರು, ಸುಮ್ಮನೆ ಗೋಡೆಗೆ ಒರಗಿ ನಿಂತವರು, ಕೋಣೆ ತುಂಬ ಗಂಡಸರು. ನಾನು ರವಿಕೆ ತೆಗೆದು ಬೋರಲು ಮಲಗಿದೆ. ನಟಿ ಒಂದು ಕುರ್ಚಿಯಲ್ಲಿ ಹೊದ್ದು ಕೂತು, ಕೊಳವೆಯಲ್ಲಿ ಹಣ್ಣಿನ ರಸ ಹೀರುತ್ತಾ ನನ್ನನ್ನು ನೋಡುತ್ತಿದ್ದಳು. ಅಲ್ಲಿ ಯಾರೂ ನಮ್ಮ ಹೆಸರು ಕೇಳಲಿಲ್ಲ. ನನ್ನನ್ನು ‘ಬೆನ್ನು’ ಎನ್ನುತ್ತಿದ್ದರು, ಕುಳ್ಳಿಯನ್ನು ‘ಕೈ’. ಬೆನ್ನು ಸ್ವಲ್ಪ ಎಡಕ್ಕೆ ಬರಲಿ. ಕೈ ಇನ್ನೂ ಬಂದಿಲ್ವಾ. ಬೆನ್ನಿಗೆ ಟೀ ಕೊಟ್ರಾ. ಒಬ್ಬ ದೀಪದ ಕೋಲಿನಿಂದ ನನ್ನ ಸೊಂಟವನ್ನು ತಿವಿದು ಸರಿ ಮಾಡಿದ, ಗಂಟು ಸರಿಸುವ ಹಾಗೆ.  ಕುಳ್ಳಿ ದಿನಾ ಊದುವಂತೆ ಉಫ್ ಎಂದು ಊದಿ ಮುಲಾಮು ಹಚ್ಚಿದಳು. ನಿರ್ದೇಶಕ ಕಣ್ಣೊರೆಸಿಕೊಂಡ. ನಟಿ ಎದ್ದು ಬಂದು, ಬೆನ್ನು ಹೇಗೆ ಹೊರಳಿತು ಎಂದು ಕೇಳಿ ತಿಳಿದುಕೊಂಡಳು.

ಸಿನಿಮಾ ಒಂದೇ ಒಂದು ಥಿಯೇಟರಿನಲ್ಲಿ ಬಂತು. ಬಂದ ದಿನದಿಂದಲೇ ಗಲಾಟೆ. ಹೊಗಳುವವರು ತಲೆ ಮೇಲೆ ಹೊತ್ತು ಕುಣಿದರು. ನಟಿ ತಿಂಗಳುಗಟ್ಟಲೆ ಲಾಂಡ್ರಿಯಲ್ಲಿ ದುಡಿದು ಮೈ ಹದ ಮಾಡಿಕೊಂಡಿದ್ದಾಳೆ ಎಂದು ಬರೆದರು. ಆಕೆ ಬಂದದ್ದು ಅರ್ಧ ದಿನ. ಮೊದಲ ಗಂಟು ಬಿಚ್ಚಿದಾಗಲೇ ಕೈಗವಸಿನೊಳಗೆ ವಾಂತಿ ಮಾಡಿಕೊಂಡು ಹೋದಳು. ಬೈಯುವವರು ಸಮಾಜಕ್ಕೆ ಅಂಟಿದ ಕೊಳೆ ಎಂದು ಬೈದರು. ಇಸ್ತ್ರಿ ಮಾಡಿದ ಬಟ್ಟೆ ಸುತ್ತಲು ತಂದಿದ್ದ ಹಳೆ ಪತ್ರಿಕೆಗಳಲ್ಲಿ ಕುಳ್ಳಿ ಇದನ್ನೆಲ್ಲ ಹುಡುಕಿ ಓದುತ್ತಿದ್ದಳು. ಕೊಳೆಯ ವಿಚಾರ ಮಾತಾಡುವವರು ಒಂದು ದಿನ ನಮ್ಮ ಗಂಟು ಬಿಚ್ಚಲಿ ಎಂದು ನಾನು ಹೇಳಿದೆ.

ನಿಮ್ಮದೇ ಕತೆ, ನೀವೇ ನೋಡಬೇಕು ಎಂದು ನಿರ್ದೇಶಕ ಲಾಂಡ್ರಿಯವರಿಗೆಲ್ಲ ಟಿಕೆಟ್ ಕಳಿಸಿದ. ಕೆಲಸ ಮಾಡುವ ಜಾಗ ಪರದೆ ಮೇಲೆ ಬರುತ್ತದೆ ಎಂದು ಎಲ್ಲರಿಗೂ ಸಂಭ್ರಮ. ದೊಡ್ಡಮ್ಮ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಉಟ್ಟಳು. ನಾವಿಬ್ಬರೂ ಹೋಗದೆ ಇದ್ದರೆ ಅನುಮಾನ ಬರುತ್ತದೆ ಎಂದು ಹೋದೆವು. ನನ್ನ ಪಕ್ಕ ಕೂತಿದ್ದ ಓದಿದ ಹೆಂಗಸು ಬ್ಲೀಚಿಂಗ್ ಪುಡಿಯ ವಾಸನೆಗೆ ಮೂಗು ಮುಚ್ಚಿಕೊಂಡು ಬೇರೆ ಸೀಟಿಗೆ ಹೋದಳು. ಆಮೇಲೆ ಪರದೆಯ ಮೇಲೆ ಲಾಂಡ್ರಿ ಹೆಂಗಸರು ಬಂದಾಗ ಅವಳು ಬಿಕ್ಕಿ ಬಿಕ್ಕಿ ಅತ್ತಳು. ನಾನು ಕಣ್ಣಾರೆ ಕಂಡೆ. ಆಸ್ಪತ್ರೆಯ ಯಾವ ಚಾದರವೂ ನನಗೆ ಅಷ್ಟು ಹೇಸಿಗೆ ಹುಟ್ಟಿಸಿಲ್ಲ.

ಬೆನ್ನು ಬಂತು. ಗೋಡೆಯಷ್ಟು ದೊಡ್ಡದು. ಹಿಂದಿನ ಸಾಲುಗಳಿಂದ ಸಿಳ್ಳೆ ಬಿತ್ತು. ಒಬ್ಬ ಥೂ ಎಂದು ಉಗಿದು ಹೆಂಡತಿಯ ಕೈ ಹಿಡಿದು ಎಳೆದುಕೊಂಡು ಎದ್ದು ಹೋದ. ಇನ್ನೊಂದು ಕಡೆ ಒಂದಷ್ಟು ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ತುದಿ ಇಲ್ಲದ ಬೆರಳು ಬಂದು ಕಲೆಯ ಮೇಲೆ ಮುಲಾಮು ಹಚ್ಚಿತು.  ನಮ್ಮ ಸಾಲಿನಿಂದ ದೊಡ್ಡಮ್ಮನ ದನಿ ಕೇಳಿಸಿತು. ಮೆಲ್ಲಗೆ, ಹೆಣ ಗುರುತಿಸುವವರಂತೆ ಹೇಳಿದಳು.

“ಅದು ನಮ್ಮ ಉದ್ದಿ ಬೆನ್ನಲ್ವೇನೇ?”

ಬೆನ್ನಾದ ಮೇಲೆ ನಿರ್ದೇಶಕ ಏನೇನು ತೋರಿಸಿದ್ದ ಎಂದು ನಮಗೆ ಆಗ ಗೊತ್ತಾಯಿತು. ಮುಲಾಮು ಹಚ್ಚಿದ ಮೇಲೆ ನಟಿಯರ ಮುಖ ಬಂತು, ಮುತ್ತು ಬಂತು, ಇನ್ನೂ ಏನೇನೋ ಬಂತು. ಅದು ತಪ್ಪು ಎಂದು ನಾನು ಹೇಳುತ್ತಿಲ್ಲ. ನಮ್ಮ ಕೋಣೆಯೊಳಗಿನ ಬದುಕೇನು ಬರೀ ಮುಲಾಮಿನದಲ್ಲ. ಆದರೆ ಅದು ನಮ್ಮ ಬಾಗಿಲಿನ ಒಳಗಿತ್ತು. ಅವನು ಬಾಗಿಲನ್ನೇ ಕಿತ್ತುಕೊಂಡು ಹೋಗಿದ್ದ.

ಮರುದಿನ ಪಾಳಿ ಮುಗಿಯಿತು. ಎಲ್ಲರೂ ಸಾಲಾಗಿ ಕೂತರು. ಕುಳ್ಳಿ ಯಾವಾಗಿನಂತೆ ದೊಡ್ಡಮ್ಮನ ಹಿಂದೆ ಕೂತು ಮುಲಾಮು ತೆಗೆದಳು. ದೊಡ್ಡಮ್ಮ ಸೆರಗು ಎಳೆದು ಬೆನ್ನು ಮುಚ್ಚಿಕೊಂಡಳು. ತಿರುಗಿ ಕೂತು ಕೇಳಿದಳು.

“ಇಷ್ಟು ವರ್ಷ ಯಾವ ಮನಸ್ಸಿಂದ ಸವರ್ತಾ ಇದ್ದೆ ನೀನು ನನಗೆ?”

ಕುಳ್ಳಿಯ ಬೆರಳಲ್ಲಿ ಮುಲಾಮು ಹಾಗೇ ಇತ್ತು.  ಆ ಮುದುಕಿಗೆ ಜ್ವರ ಬಂದಾಗ ರಾತ್ರಿಯಿಡೀ ಕೂತು ನೋಡಿಕೊಂಡವಳು ಕುಳ್ಳಿ. ಒಬ್ಬೊಬ್ಬಳಾಗಿ ಎದ್ದು, ಚಾದರ ಕಟ್ಟಿ ಕೋಣೆಯನ್ನು ಎರಡು ಭಾಗ ಮಾಡಿದರು. ಆ ಕಡೆ ಅವರೆಲ್ಲ, ಈ ಕಡೆ ನಾವಿಬ್ಬರು. ಚಾದರ ಅಡ್ಡ ಇದ್ದರೂ ಅವರ ಮಾತು ಕೇಳಿಸುತ್ತಿತ್ತು. ನಮ್ಮ ಬೆನ್ನನ್ನೆಲ್ಲ ನೋಡಿಬಿಟ್ಟರಲ್ಲ ಇವರು, ಮುಟ್ಟಿಬಿಟ್ಟರಲ್ಲ ಎನ್ನುತ್ತಿದ್ದರು. ಕಳ್ಳತನ ಮಾಡಿದವರ ಬಗ್ಗೆ ಆಡುವ ಮಾತು. ಕುಳ್ಳಿ ಕೈಯಲ್ಲಿದ್ದ ಮುಲಾಮನ್ನು ಗೋಡೆಗೆ ಒರೆಸಿದಳು.

ಮಾಲೀಕ ನಮ್ಮನ್ನು ರೋಲರ್ ಕೋಣೆಯಿಂದ ತೆಗೆದು ಹಿಂದಿನ ಗಂಟು ಬಿಚ್ಚುವ ಕೊಟ್ಟಿಗೆಗೆ ಹಾಕಿದ. ಅಲ್ಲಿ ಕಿಟಕಿ ಇಲ್ಲ. ಅತಿ ಕೆಟ್ಟ ಬಟ್ಟೆಗಳು ಅಲ್ಲಿಗೇ ಬರುತ್ತವೆ. ಮೊದಲೆಲ್ಲ ದಿನಕ್ಕೊಬ್ಬರಂತೆ ಸರದಿ ಇತ್ತು. ಈಗ ದಿನಾ ನಾವೇ. ಒಂದು ದಿನ ಗಂಟಿನೊಳಗೆ ಕತ್ತರಿಸಿದ ಕಾಲ್ಬೆರಳು ಸಿಕ್ಕಿತು. ಅದನ್ನೂ ತೊಳೆದು ಕಾಗದದಲ್ಲಿ ಸುತ್ತಿ ವಾಪಸ್ ಕಳಿಸಿದೆವು. ನಮಗೆ ಊಟ ಸೇರುತ್ತಿರಲಿಲ್ಲ. ಅದು ವಾಸನೆಯಿಂದಲ್ಲ.

ವಾರ ಕಳೆದ ಮೇಲೆ ಮಾಲೀಕ ಇಬ್ಬರನ್ನೂ ಕರೆಸಿದ. ಕೂಗಾಡಲಿಲ್ಲ. ಕುರ್ಚಿಯಲ್ಲಿ ಒರಗಿ, ಪಂಚಾಯಿತಿ ಹೇಳುವವನಂತೆ ಹೇಳಿದ. ಅವನಿಗೇನೂ ಇಲ್ಲವಂತೆ, ಯಾರು ಯಾರ ಜೊತೆ ಬಿದ್ದುಕೊಂಡರೂ ಚಾದರ ಬೆಳ್ಳಗಾದರೆ ಸಾಕಂತೆ. ಆದರೆ ಹೆಂಗಸರು ಗೊಣಗುತ್ತಾರೆ, ಆಸ್ಪತ್ರೆಯವರು ಕೇಳುತ್ತಾರೆ. ಎಲ್ಲರ ಮುಂದೆ ನಿಂತು, ಕೂಲಿಗೆ ಮಾಡಿದ್ದು, ನಮ್ಮಿಬ್ಬರ ಮಧ್ಯೆ ಏನಿಲ್ಲ ಎಂದು ಒಂದು ಮಾತು ಹೇಳಿಬಿಡಿ. ಕುಳ್ಳಿ ಬೇರೆ ಎಲ್ಲಾದರೂ ಮಲಗುವ ಏರ್ಪಾಡು ಮಾಡಿಕೊಳ್ಳಲಿ. ಇಲ್ಲದಿದ್ದರೆ ಇಬ್ಬರಿಗೂ ಗೇಟು ಅಲ್ಲಿದೆ.

ಅತ್ತ ದರಿ, ಇತ್ತ ಪುಲಿ. ಬೇರೆ ಲಾಂಡ್ರಿ ಆ ಊರಲ್ಲಿಲ್ಲ. ಕೆಲಸ ಹೋದರೆ ಕೋಣೆ ಹೋಗುತ್ತದೆ. ಕೋಣೆ ಹೋದರೆ ಕುಳ್ಳಿ ಅವಳಕ್ಕನ ಮನೆಯ ಹಜಾರಕ್ಕೆ, ನಾನು ನನ್ನ ತಮ್ಮನ ಮನೆಯ ಹಿತ್ತಲಿಗೆ. ಕೆಲಸ ಬೇಕೆಂದರೆ ಅವಳು ನನಗೆ ಏನೂ ಅಲ್ಲ ಎಂದು ನನ್ನ ಬಾಯಲ್ಲೇ ಹೇಳಬೇಕು. ಹೇಗೆ ಹೋದರೂ ನಾವು ಬೇರೆ ಬೇರೆ. ಇಬ್ಬರೂ ಎರಡು ದಿನ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮೂರನೆಯ ದಿನ ಕುಳ್ಳಿ, ಹೇಳಿಬಿಡೋಣ, ಬಾಯಿಮಾತು ತಾನೇ ಎಂದಳು. ಹೇಳಿ ಮುಗಿಸುವ ಮೊದಲೇ ಅಳತೊಡಗಿದಳು.

ಆಗ ನಿರ್ದೇಶಕನ ಫೋನು ಬಂತು. ಭಾನುವಾರ ಬೆಳಿಗ್ಗೆ ಸಭಾಂಗಣದಲ್ಲಿ ಸಿನಿಮಾದ ಬಗ್ಗೆ ಸಂವಾದ ಇದೆಯಂತೆ. ಬೈಯುವವರೂ ಬರುತ್ತಾರೆ, ದೊಡ್ಡ ವಿಮರ್ಶಕರೂ ಬರುತ್ತಾರೆ, ನಿಮ್ಮ ಮಾಲೀಕರೂ ಬರುತ್ತಾರೆ, ನೀವಿಬ್ಬರೂ ಬಂದು ಮುಂದೆ ಕೂತರೆ ಸಾಕು ಎಂದ. ನಾನು ನಮ್ಮ ಪಾಡು ಹೇಳಿದೆ. ಛೆ ಛೆ ಎಂದ. ಎಲ್ಲರ ಎದುರಿಗೇ ನಾನು ನಿಮ್ಮ ಮಾಲೀಕರ ಹತ್ತಿರ ಮಾತಾಡುತ್ತೇನೆ, ಅಂಥ ದೊಡ್ಡವರ ಮುಂದೆ ಅವರು ಇಲ್ಲ ಎನ್ನಲಾರರು, ನನ್ನನ್ನು ನಂಬಿ ಎಂದ. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ನಾವು ಒಗೆದ ಸೀರೆ ಉಟ್ಟುಕೊಂಡು ಹೋದೆವು.

ವೇದಿಕೆ ಮೇಲೆ ನಿರ್ದೇಶಕ, ನಟಿ, ಬಿಳಿ ಗಡ್ಡದ ಒಬ್ಬ ವಿಮರ್ಶಕ. ಮೊದಲ ಸಾಲಿನಲ್ಲಿ ನಮ್ಮ ಮಾಲೀಕ, ಇಸ್ತ್ರಿ ಮುರಿಯದ ಬಟ್ಟೆಯಲ್ಲಿ. ನಿರ್ದೇಶಕ ಎದ್ದು, ಯಾರೂ ಜಾಗ ಕೊಡದಿದ್ದಾಗ ಧೈರ್ಯವಾಗಿ ತಮ್ಮ ಲಾಂಡ್ರಿ ಬಿಟ್ಟುಕೊಟ್ಟ ದೊಡ್ಡ ಮನಸ್ಸು ಎಂದು ಅವನನ್ನು ಹೊಗಳಿದ. ಜನ ಚಪ್ಪಾಳೆ ತಟ್ಟಿದರು. ಮಾಲೀಕ ಕೈ ಮುಗಿದ. ಈಗ ಹೇಳುತ್ತಾನೆ, ಈಗ ನಮ್ಮ ಮಾತು ಎತ್ತುತ್ತಾನೆ ಎಂದು ಕುಳ್ಳಿ ನನ್ನ ಮೊಣಕೈ ಹಿಡಿದುಕೊಂಡಳು. ನಿರ್ದೇಶಕ ಕೂತುಬಿಟ್ಟ.

ಬಿಳಿ ಗಡ್ಡ ಮಾತಾಡಿತು. ಬೆನ್ನಿನ ಮೇಲೆಯೇ ಮಾತು. ಆ ಬೆನ್ನು ಹೊರಳಿದಾಗ ತನಗೆ ಮೈ ಜುಮ್ಮೆಂದಿತು ಎಂದ. ಒಬ್ಬ ಕಲಾವಿದೆ ತನ್ನ ದೇಹವನ್ನೇ ಪಾತ್ರಕ್ಕೆ ಒಪ್ಪಿಸುವುದೆಂದರೆ ಇದು ಎಂದ. ನಟಿ ಕಣ್ಣು ಕೆಳಗೆ ಮಾಡಿ ಎದೆಯ ಮೇಲೆ ಕೈ ಇಟ್ಟುಕೊಂಡಳು. ಇಲ್ಲ ಎನ್ನಲಿಲ್ಲ. ನಮ್ಮ ಕೈಗೆ ಕೆಸರು, ಅವರ ಬಾಯಿಗೆ ಮೊಸರು. ನನಗೆ ಸಿಟ್ಟು ಬರಲಿಲ್ಲ. ಅಸಹ್ಯವಾಯಿತು. ಬೇರೆಯವರ ಎಂಜಲು ತಟ್ಟೆಯಲ್ಲಿ ಉಣ್ಣುವವರನ್ನು ನೋಡಿದಂತೆ ಆಯಿತು.

ಹಿಂದಿನಿಂದ ಒಬ್ಬ ಎದ್ದ. ಗಟ್ಟಿ ದನಿ. ಬಡವರಿಗೆ ಈ ರೋಗ ಇಲ್ಲ ಸ್ವಾಮಿ, ಹೊಟ್ಟೆ ತುಂಬಿದವರು ಬಡವರ ಮೇಲೆ ಹೊಲಸು ಎರಚುತ್ತಿದ್ದೀರಿ, ದುಡಿದು ತಿನ್ನುವ ಹೆಂಗಸರಲ್ಲಿ ಇಂಥವರು ಒಬ್ಬರಿದ್ದರೆ ತೋರಿಸಿ ಎಂದ. ಅವನ ಸುತ್ತ ಇದ್ದವರು ತೋರಿಸಿ, ತೋರಿಸಿ ಎಂದು ಕೂಗಿದರು.

ನಿರ್ದೇಶಕ ನನ್ನ ಕಡೆ ಬೆರಳು ಮಾಡಿದ.

“ಇದ್ದಾರೆ. ಇಲ್ಲೇ ಕೂತಿದ್ದಾರೆ. ಈ ತಾಯಿಯ ಬೆನ್ನಿನ ಮೇಲಿನ ಗಾಯ ನೋಡಿಯೇ ನಾವು ನಮ್ಮ ನಟಿಯ ಬೆನ್ನಿನ ಮೇಲೆ ಅದೇ ಗಾಯ ಬರೆದದ್ದು. ಬನ್ನಿ ಅಮ್ಮ, ಮೇಲೆ ಬನ್ನಿ.”

ಯಾರಿಗೂ ಗೊತ್ತಾಗುವುದಿಲ್ಲ ಎಂದವನು ಊರಿನ ಮುಂದೆ ನನ್ನನ್ನು ಬೆರಳು ಮಾಡಿ ತೋರಿಸಿದ್ದ. ಸಾಲದು ಎಂದು ಸುಳ್ಳೂ ಸೇರಿಸಿದ್ದ. ಯಾರೋ ಕೈ ಹಿಡಿದು ಎಬ್ಬಿಸಿದರು, ಯಾರೋ ದಾರಿ ಬಿಟ್ಟರು. ನಾನು ವೇದಿಕೆ ಮೇಲಿದ್ದೆ. ದೀಪ ಕಣ್ಣಿಗೆ ಹೊಡೆಯುತ್ತಿತ್ತು. ನಿರ್ದೇಶಕ ಮೈಕಿಗೆ ಕೈ ಮುಚ್ಚಿ ನನ್ನ ಕಿವಿಯ ಹತ್ತಿರ ಬಂದ. ಮೆತ್ತಗೆ ಹೇಳಿದ.

“ಸ್ವಲ್ಪ ಸೆರಗು ಸರಿಸಿ, ಗಾಯ ಮಾತ್ರ ತೋರಿಸಿ. ಒಂದು ನಿಮಿಷ. ಅವರ ಬಾಯಿ ಮುಚ್ಚತ್ತೆ.”

ಬಿಳಿ ಗಡ್ಡ ಕನ್ನಡಕ ಹಾಕಿಕೊಂಡಿತು. ಬೈಯುತ್ತಿದ್ದವರೂ ಕತ್ತು ಉದ್ದ ಮಾಡಿದರು. ಒಂದು ಕಡೆಯವರಿಗೆ ನಾನು ಸಾಕ್ಷಿ, ಇನ್ನೊಂದು ಕಡೆಯವರಿಗೆ ನಾನು ರೋಗ. ಎರಡೂ ಕಡೆಯವರಿಗೆ ನೋಡಬೇಕಿತ್ತು. ಆ ಕ್ಷಣ ಅವರ ಕಣ್ಣುಗಳಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ನನ್ನ ಕೈ ಸೆರಗಿನ ಮೇಲೇ ಇತ್ತು. ನಾನು ಅದನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿದೆ. ಮೈಕು ಎಳೆದುಕೊಂಡೆ.

“ತೋರಿಸಲ್ಲ. ಬೆನ್ನು ಇವರದೇ ಅಂದ್ರಲ್ಲ ಇಷ್ಟೊತ್ತು, ಇವರನ್ನೇ ಕೇಳಿ. ಇವರೇ ತೋರಿಸಲಿ.”

ನಟಿ ನಿರ್ದೇಶಕನ ಮುಖ ನೋಡಿದಳು. ಅವನು ನೀರಿನ ಲೋಟ ಹುಡುಕಿದ. ಕೆಳಗೆ ಗುಜುಗುಜು ಎದ್ದಿತು. ಹಿಂದಿನವರು ಸುಳ್ಳು, ಎಲ್ಲ ಸುಳ್ಳು ಎಂದು ಕೇಕೆ ಹಾಕಿದರು. ಆಗ ಮಾಲೀಕ ಎದ್ದ. ಜಗಳ ಬಿಡಿಸುವ ಹಿರಿಯನಂತೆ ಎರಡೂ ಕೈ ಎತ್ತಿದ. ಅಷ್ಟೇ ತಾನೇ, ಪಾಪ, ಕೂಲಿಗೆ ಕರೆದರು, ಹೋಗಿ ಮಾಡಿ ಬಂದಿದ್ದಾರೆ, ಮನೆ ಮಠ ಇರುವ ಹೆಂಗಸರು, ಇವರಲ್ಲಿ ಅಂಥದ್ದೇನೂ ಇಲ್ಲ ಎಂದು ಜನರಿಗೆ ಹೇಳಿದ. ಆಮೇಲೆ ನನ್ನ ಕಡೆ ತಿರುಗಿದ. ಹೇಳಮ್ಮ, ಕೂಲಿಗೆ ಮಾಡಿದ್ದು ಅಂತ ಹೇಳು, ನಾಳೆಯಿಂದ ರೋಲರಿಗೆ ಬಾ ಎಂದ.

ಕುಳ್ಳಿ ಎರಡನೆಯ ಸಾಲಿನಲ್ಲಿ ಎದ್ದು ನಿಂತಿದ್ದಳು. ಕುಳ್ಳಗಿರುವುದರಿಂದ ಎದ್ದದ್ದೂ ಯಾರಿಗೂ ಗೊತ್ತಾಗಿರಲಿಲ್ಲ. ಅವಳ ತಲೆ ಮಾತ್ರ ನನಗೆ ಕಾಣುತ್ತಿತ್ತು. ಹೇಳಿಬಿಡು ಎಂದು ಅವಳು ಕಣ್ಣಿನಲ್ಲಿ ಹೇಳುತ್ತಿದ್ದಳೋ, ಬೇಡ ಎನ್ನುತ್ತಿದ್ದಳೋ ತಿಳಿಯಲಿಲ್ಲ. ನಾನು ಕಾಯಲಿಲ್ಲ.

“ಬೆನ್ನು ಕೊಟ್ಟಿದ್ದು ಕೂಲಿಗೆ. ಅವಳ ಜೊತೆ ಇರೋದು ಕೂಲಿಗಲ್ಲ.”

ಮರುದಿನ ಗೇಟು ತೆರೆಯಲಿಲ್ಲ. ಒಳಗಿಂದ ನಮ್ಮ ಎರಡು ಜೊತೆ ಹಳೆ ಬಟ್ಟೆ, ಚಪ್ಪಲಿ, ಮುಲಾಮಿನ ಡಬ್ಬಿ ಒಂದು ಚೀಲದಲ್ಲಿ ಬಂತು. ನಿರ್ದೇಶಕ ಫೋನು ಮಾಡಿ ನಮ್ಮ ನಟಿಗೆ ಅವಮಾನ ಮಾಡಿದಿರಿ, ನೀವು ಎದುರಾಳಿಗಳ ಕೈಗೆ ಕೋಲು ಕೊಟ್ಟಿರಿ ಎಂದು ನೊಂದುಕೊಂಡ. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದೆವು ಎಂದು ಅವನಿಗೆ ದುಃಖ. ನಮ್ಮ ಗೇಟಿನ ವಿಚಾರ ಕೇಳಲೇ ಇಲ್ಲ. ಮನೆ ಕೊಟ್ಟಾಕೆ ಬಾಗಿಲಿಗೆ ಬಂದು, ತಿಂಗಳು ಮುಗಿಯುವವರೆಗೆ ಇರಿ ಎಂದಳು. ನೀವು ಜಗಳವಾಡಿದ್ದಿದ್ದರೆ ನನಗೆ ಮೊದಲೇ ಸಮಾಧಾನ ಇರುತ್ತಿತ್ತು ಎಂದೂ ಸೇರಿಸಿದಳು. ಕುಳ್ಳಿಗೆ ಆ ಸ್ಥಿತಿಯಲ್ಲೂ ನಗು ಬಂತು. ಆಕೆಯೇ ನಮಗೆ ಪಾತ್ರೆ ತೊಳೆಯುವ ಎರಡು ಮನೆ ಹುಡುಕಿಕೊಟ್ಟಳು, ಬೇರೆ ಬೀದಿಯಲ್ಲಿ.

ಸಭಾಂಗಣದ ಗಲಾಟೆಯಿಂದ ಸಿನಿಮಾ ತುಂಬಿ ಓಡತೊಡಗಿತು. ಹೊಗಳುವವರು ಮತ್ತೆ ನೋಡಿದರು, ಬೈಯುವವರು ಬೈಯಲಿಕ್ಕೆಂದು ನೋಡಿದರು. ಹೊಸ ಪೋಸ್ಟರ್ ಮಾಡಿಸಿದರು. ಮುಖ ಇಲ್ಲ, ಬರೀ ಬೆನ್ನು. ಕಲೆಯ ಕೆಳಗೆ ನಟಿಯ ಹೆಸರು ದಪ್ಪ ಅಕ್ಷರದಲ್ಲಿ. ಊರಿನ ಗೋಡೆಗಳಿಗೆಲ್ಲ ಅಂಟಿಸಿದರು. ಪಾತ್ರೆ ತೊಳೆಯಲು ಹೋಗುವ ದಾರಿಯಲ್ಲಿ ನಾನು ನನ್ನನ್ನೇ ದಾಟಿಕೊಂಡು ಹೋಗಬೇಕಾಯಿತು. ಒಂದರ ಮೇಲೆ ಕೆಟ್ಟ ಮಾತು ಗೀಚಿದ್ದರು. ಒಂದರ ಮೇಲೆ ಉಗುಳಿದ್ದರು. ಒಬ್ಬ ಅಂಗಡಿಯ ಪಕ್ಕ ನಿಂತು ಪೋಸ್ಟರಿಗೆ ಸೊಂಟ ತಾಗಿಸಿ ಗೆಳೆಯರನ್ನು ನಗಿಸುತ್ತಿದ್ದ. ನಾನು ತಲೆ ತಗ್ಗಿಸಿ ಹೋಗುತ್ತಿದ್ದೆ.

ಕುಳ್ಳಿ ತಗ್ಗಿಸಲಿಲ್ಲ. ಒಂದು ಬೆಳಿಗ್ಗೆ ಥಿಯೇಟರಿನ ಮುಂದೆ ನಿಂತುಬಿಟ್ಟಳು. ಅಲ್ಲಿ ಪೋಸ್ಟರಿನ ಮೇಲೆ, ಸರಿಯಾಗಿ ಆ ಕಲೆಯ ನಡುವೆ, ಯಾರೋ ಸಿಗರೇಟು ಒತ್ತಿ ಆರಿಸಿದ್ದರು. ಸುಟ್ಟು ತೂತಾಗಿತ್ತು. ಕುಳ್ಳಿ ಆ ತೂತಿನ ಮೇಲೆ ಬೆರಳಿಟ್ಟಳು. ಅಲ್ಲಿಂದಲೇ ಮನೆಗೆ ವಾಪಸ್ ನಡೆದಳು. ನೀರು ಕಾಯಿಸಿದಳು, ಸೋಡಾ ಹಾಕಿದಳು, ಉಜ್ಜುವ ತರಿ ಕಲ್ಲು ಮತ್ತು ಮುರಿದ ತಗಡಿನ ತುಂಡು ತೆಗೆದುಕೊಂಡಳು. ಅಂಟನ್ನು ಬಿಡಿಸುವುದು ಹೇಗೆ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಳಕು ಹರಿದ ಬೀದಿಯಲ್ಲಿ, ಜನ ನೋಡುತ್ತಿರುವಾಗಲೇ, ಒಂದೊಂದು ಗೋಡೆಯನ್ನೂ ಕೆರೆದೆವು. ಎತ್ತರದ್ದು ನನಗೆ, ಕೆಳಗಿನದ್ದು ಅವಳಿಗೆ. ಮೂರು ಬೀದಿ ಮುಗಿಯಿತು. ಥಿಯೇಟರಿನ ಮುಂದಿನದ್ದು ಮಾತ್ರ ಹಾಗೇ ಉಳಿಯಿತು. ಅಲ್ಲಿ ಕಾವಲಿನವನಿದ್ದ.

ಮಾರನೆಯ ದಿನ ಪತ್ರಿಕೆಯಲ್ಲಿ ಬಂತು. ಪ್ರೀತಿಯನ್ನು ಸಹಿಸದ ದುಷ್ಕರ್ಮಿಗಳು ಪೋಸ್ಟರ್ ಹರಿದರು ಎಂದು ಬರೆದಿದ್ದರು. ಆ ಬೆನ್ನಿನ ಮೇಲಿನ ದಾಳಿ ಎಲ್ಲ ದಮನಿತರ ಮೇಲಿನ ದಾಳಿ ಎಂದು ಬಿಳಿ ಗಡ್ಡ ಹೇಳಿಕೆ ಕೊಟ್ಟಿತ್ತು. ಥಿಯೇಟರಿನ ಮುಂದೆ ಪ್ರತಿಭಟನೆ ಎಂದೂ ಇತ್ತು. ಕುಳ್ಳಿ ಪತ್ರಿಕೆ ಮಡಚಿ, “ನಡಿ, ದುಷ್ಕರ್ಮಿ” ಎಂದು ಬಕೆಟ್ ಎತ್ತಿದಳು.

ಥಿಯೇಟರಿನ ಮುಂದೆ ಒಂದು ಕಡೆ ಅವರು. ನಿರ್ದೇಶಕ, ಬಿಳಿ ಗಡ್ಡ, ಅಂದು ಸೀಟು ಬದಲಾಯಿಸಿದ ಹೆಂಗಸು, ಎಲ್ಲರ ಕೈಯಲ್ಲೂ ನನ್ನ ಬೆನ್ನು. ರಸ್ತೆಯ ಆ ಕಡೆ ಬೈಯುವವರ ಗುಂಪು. ನಡುವೆ ಗೋಡೆ, ಗೋಡೆಯ ಮೇಲೆ ಸಿಗರೇಟಿನ ತೂತಿನ ಪೋಸ್ಟರ್. ಕಾವಲಿನವನು ಗುಂಪುಗಳನ್ನು ತಡೆಯುವುದರಲ್ಲಿದ್ದ. ನಾವು ಯಾರನ್ನೂ ಕೇಳಲಿಲ್ಲ. ಬಿಸಿ ನೀರು ಎರಚಿ ಕೆರೆಯತೊಡಗಿದೆವು. ನಿರ್ದೇಶಕ ಓಡಿ ಬಂದು, ನೀವಾ, ನೀವೇನಾ ಎಂದ. ಪಾಪ, ಅವನ ದನಿ ಮೊದಲ ಸಲ ಗಟ್ಟಿಯಾಗಿತ್ತು. ಅಷ್ಟರಲ್ಲಿ ರಸ್ತೆಯ ಆಚೆಯಿಂದ ಚಪ್ಪಾಳೆ ಕೇಳಿಸಿತು. ಭೇಷ್ ಅಕ್ಕ, ಹೊಲಸು ತೆಗೀರಿ, ಬಡವರ ಮಾನ ಉಳಿಸಿದ್ರಿ ಎಂದು ಆ ಗುಂಪು ಕೂಗಿತು.

ಕುಳ್ಳಿ ತಗಡು ಕೆಳಗಿಟ್ಟಳು. ಕೈಯನ್ನು ಸೀರೆಗೆ ಒರೆಸಿಕೊಂಡು ರಸ್ತೆಯ ಕಡೆ ತಿರುಗಿ, ನನ್ನ ಸೊಂಟದ ಸುತ್ತ ತೋಳು ಹಾಕಿದಳು. ಅವಳ ದನಿ ಅಷ್ಟು ದೂರ ಹೋಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

“ನಿಮಗೆ ಯಾರು ಚಪ್ಪಾಳೆ ಹೊಡಿ ಅಂದ್ರು? ಇವಳು ನನ್ನವಳು. ಇದು ಇವಳ ಬೆನ್ನು. ಅದಕ್ಕೇ ತೆಗೀತಿದ್ದೀನಿ.”

ಚಪ್ಪಾಳೆ ನಿಂತಿತು. ಒಬ್ಬ ಕೈ ಎತ್ತಿದವನು ಹಾಗೇ ಇಳಿಸಿದ.  ನಿರ್ದೇಶಕ ಜೇಬಿಗೆ ಕೈ ಹಾಕಿದ. ಕಣ್ಣಲ್ಲಿ ನೀರಿತ್ತು. ಫೋನು ಹೊರಗೆ ತೆಗೆದು ನಮ್ಮಿಬ್ಬರ ಕಡೆ ಕ್ಯಾಮೆರಾ ಹಿಡಿದ. ಹಾಗೇ ಇರಿ, ಇನ್ನೊಂದು ಸಲ ಹೇಳಿ, ಅದೇ ಮಾತು ಎಂದ.

ಬಕೆಟ್ಟಿನಲ್ಲಿ ಅಂಟು, ಕಾಗದ, ಗೋಡೆಯ ಕೊಳೆ ಕಲೆತ ನೀರು ಅರ್ಧ ಉಳಿದಿತ್ತು. ನಾನು ಹೊರೆ ಎತ್ತುವವಳು. ಎರಡೂ ಕೈಯಲ್ಲಿ ಎತ್ತಿ ಅವನ ಮೇಲೆ ಸುರಿದೆ. ಫೋನು ಅವನ ಕೈಯಿಂದ ಜಾರಿ ಮೋರಿಗೆ ಬಿತ್ತು. ಗಡ್ಡದವನು ಹಿಂದಕ್ಕೆ ಹಾರಿದ. ಅಂದು ಸೀಟು ಬದಲಾಯಿಸಿ ಅತ್ತಿದ್ದ ಹೆಂಗಸು ಮೂಗು ಮುಚ್ಚಿಕೊಂಡಳು.

ಪೋಸ್ಟರ್ ಇನ್ನೂ ಅರ್ಧ ಉಳಿದಿತ್ತು. ಕುಳ್ಳಿ ನನ್ನ ಕೈಯಿಂದ ಖಾಲಿ ಬಕೆಟ್ ತೆಗೆದುಕೊಂಡು ಬೀದಿ ನಲ್ಲಿಯ ಕಡೆ ಹೋದಳು. ನಾನು ತಗಡಿನ ತುಂಡು ಎತ್ತಿಕೊಂಡು, ಮೇಲಿನಿಂದ ಮತ್ತೆ ಕೆರೆಯತೊಡಗಿದೆ.